ಕೊನೆಭಾಗಕ್ಕೂ ನೀರು ಮುಟ್ಟಬೇಕು: ಒಂದು ಸರ್ವರ್, ಹನ್ನೊಂದು ವಿಎಂ

(ದಾವಣಗೆರೆಯ ಕಾಲೇಜೊಂದರಲ್ಲಿ ಶನಿವಾರ ಸಂಜೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದದ್ದು.)

ಮೆಕ್ಕೆಜೋಳದ ಸೀಸನ್‌ನಲ್ಲಿ ಮಂಡಿ ಹೇಗಿರುತ್ತದೆ ಅಂತ ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಅಂಥ ಒಂದು ದಿನ ಬೆಳಗ್ಗೆ ಎಂಟೂವರೆಗೆ ಫೋನ್ ಬಂತು. ನಮ್ಮ ಸರ್ವರ್‌ನಲ್ಲಿ ಒಂದು ದಲ್ಲಾಳಿ ಅಂಗಡಿಯ ಬಿಲ್ಲಿಂಗ್ ಓಡುತ್ತದೆ, ಅವರದು. "ಒಂದು ತೂಕದ ಚೀಟಿ ಬರೋಕೆ ಎರಡು ನಿಮಿಷ ಆಗ್ತಿದೆ, ಲಾರಿ ಸಾಲು ರಸ್ತೆಗೆ ಬಂದಿದೆ, ಕೈಯಲ್ಲೇ ಬರೆದುಕೊಡಲಾ?" ಅಂದರು. ಒಂದೇ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿಕೊಟ್ಟ ಪ್ರತ್ಯೇಕ ಕಂಪ್ಯೂಟರ್‌ಗೆ ವಿಎಂ, ಅಂದರೆ ವರ್ಚುವಲ್ ಮೆಷಿನ್ ಅಂತೀವಿ. ನಾನು ಅವರ ವಿಎಂ ಒಳಗೆ ಹೋಗಿ ನೋಡಿದೆ. ಡೇಟಾಬೇಸ್ ಚೆನ್ನಾಗಿದೆ, ಡಿಸ್ಕ್ ಖಾಲಿ ಇದೆ, ಸಿಪಿಯು ಕೂಡ ಅಂಥ ಬಿಸಿ ಇಲ್ಲ. ಎಲ್ಲ ಸರಿ ಇದೆ, ಆದರೂ ಏನೂ ನಡೆಯುತ್ತಿಲ್ಲ.

ಯಾವ ಕೆಲಸಕ್ಕೆ ಎಷ್ಟು ಸಿಪಿಯು ಹೋಗುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿದರೆ ಮೇಲೆ ಒಂದು ಸಾಲು ಬರುತ್ತದಲ್ವಾ, ಸಿಪಿಯು ಲೆಕ್ಕದ್ದು, ಅದರ ಕಟ್ಟಕಡೆಗೆ 'ಎಸ್‌ಟಿ' ಅಂತ ಎರಡಕ್ಷರ ಇರುತ್ತದೆ. ಸ್ಟೀಲ್, ಅಂದರೆ ಕದ್ದದ್ದು. ನಾವು ಯಾರೂ ಅದನ್ನು ನೋಡುವುದಿಲ್ಲ, ಯಾಕೆಂದರೆ ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದು ಯಾವಾಗಲೂ ಸೊನ್ನೆ. ಅವತ್ತು ಅದು 40 ತೋರಿಸುತ್ತಿತ್ತು. ಅರ್ಥ ಇಷ್ಟು: "ನನಗೆ ಕೆಲಸ ಇದೆ, ಮಾಡಲು ರೆಡಿ ಇದ್ದೇನೆ, ಆದರೆ ನೂರರಲ್ಲಿ ನಲವತ್ತು ಪಾಲು ಹೊತ್ತು ಕೆಳಗಿನ ಅಸಲಿ ಸಿಪಿಯು ನನಗೆ ಸಿಗದೆ ಸುಮ್ನೆ ಕಾಯುತ್ತಿದ್ದೇನೆ." ಕದ್ದವರು ಪಕ್ಕದ ವಿಎಂನವರು.

ನಮ್ಮದು ದೊಡ್ಡ ಡೇಟಾ ಸೆಂಟರ್ ಏನಲ್ಲ. ಪಿ.ಜೆ. ಬಡಾವಣೆಯಲ್ಲಿ ಒಂದು ಕೋಣೆ, ಒಂದು ಎಸಿ, ಒಂದು ಸರ್ವರ್. 16 ಕೋರ್, ಅಂದರೆ ಒಟ್ಟಿಗೆ ಹದಿನಾರು ಕೆಲಸ ಮಾಡಬಲ್ಲ ಸಿಪಿಯು, 128 ಜಿಬಿ ರ್ಯಾಮ್. ಏಳು ಗಿರಾಕಿಗಳು, 11 ವಿಎಂ. ಎಲ್ಲರಿಗೂ ಕೊಟ್ಟ ವರ್ಚುವಲ್ ಸಿಪಿಯು, ಅಂದರೆ ವಿಎಂಗೆ ತನ್ನದು ಅಂತ ಕಾಣುವ ಸಿಪಿಯು, ಕೂಡಿಸಿದರೆ 44 ಆಗುತ್ತದೆ. ಇರುವುದು 16, ಹಂಚಿದ್ದು 44. ಇದು ಮೋಸ ಅಲ್ಲ, ಈ ಧಂಧೆಯೇ ಹೀಗೆ. ಎಲ್ಲರೂ ಒಂದೇ ಹೊತ್ತಿಗೆ ಕೈ ಚಾಚುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಡೆಯುತ್ತದೆ. ದಾವಣಗೆರೆಯಲ್ಲಿ ಇಂಥ ಮಾತು ಬಂದ ಕೂಡಲೇ ಎಲ್ಲರೂ ಬೆಣ್ಣೆ ದೋಸೆ ಹೋಟೆಲಿನ ಹೆಂಚಿನ ಉದಾಹರಣೆ ಕೊಡುತ್ತಾರೆ, ನಾನು ಕೊಡಲ್ಲ, ನೀವೂ ಊಟಕ್ಕೆ ಹೋಗುವ ಹೊತ್ತು ಇದು.

ಅವತ್ತು ಕೈ ಚಾಚಿದ್ದು ಒಂದು ಕಾಲೇಜಿನ ವಿಎಂ. ಅವರಿಗೆ 12 ವರ್ಚುವಲ್ ಸಿಪಿಯು ಕೊಟ್ಟಿದ್ದೆ. ಇಂಟರ್ನಲ್ ಪರೀಕ್ಷೆಯ ವರದಿ ತಯಾರಿಸುವ ಕೆಲಸ ಯಾರೋ ಬೆಳಗ್ಗೆ ಎಂಟಕ್ಕೆ ಶುರು ಮಾಡಿದ್ದರು. ಅದು ಮಧ್ಯಾಹ್ನ ಮುಗಿದರೂ ಸಾಕಿತ್ತು, ಸಂಜೆ ಮುಗಿದರೂ ಸಾಕಿತ್ತು.

ನಾನು ವಿಎಂಗಳನ್ನು ನಿಭಾಯಿಸುವ ವಿರ್ಶ್‌ನಲ್ಲಿ ಶೆಡ್‌ಇನ್ಫೋ ಅಂತ ಒಂದು ಕಮಾಂಡ್ ಹಾಕಿ ಮಂಡಿಯ ವಿಎಂನ ಪಾಲು ಏರಿಸಿದೆ. ಒಂದೇ ನಿಮಿಷದಲ್ಲಿ ಚೀಟಿ ಪಟಪಟ ಬರತೊಡಗಿತು. ನನಗೋ ಭಾರೀ ಖುಷಿ. ಮೂರು ದಿನ ಬಿಟ್ಟು ಮತ್ತೆ ಅದೇ ಫೋನ್. ನೋಡಿದರೆ ಮಧ್ಯೆ ಯಾರೋ ವಿಎಂ ಆಫ್ ಮಾಡಿ ಆನ್ ಮಾಡಿದ್ದಾರೆ, ನಾನು ಮಾಡಿದ ಬದಲಾವಣೆ 'ಲೈವ್' ಆಗಿ ಮಾತ್ರ ಮಾಡಿದ್ದು, 'ಕಾನ್ಫಿಗ್' ಅಂತ ಸೇರಿಸಿರಲಿಲ್ಲ, ಎಲ್ಲ ಹೋಗಿತ್ತು. ಆ ಎರಡನೇ ಫೋನ್ ಬಂದಾಗ ನಾನು ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿದ್ದೆ, ನೆಂಟರ ಮನೆಯ ನಿಶ್ಚಿತಾರ್ಥ. ಭರಮಸಾಗರದ ಹತ್ತಿರ, ಮೊಬೈಲ್ ಪರದೆಯ ಮೇಲೆ, ಬಸ್ಸು ಕುಲುಕುವಾಗ ಕಮಾಂಡ್ ಟೈಪ್ ಮಾಡಿ ನೋಡಿ, ಆಟೊಮೇಷನ್ ಯಾಕೆ ಬೇಕು ಅಂತ ಆಗ ಗೊತ್ತಾಗುತ್ತದೆ.

ಸ್ಕ್ರಿಪ್ಟ್ ಮಾತಿಗೆ ಬರುವ ಮುಂಚೆ ಮೂರು ಮಾತು ಬಿಡಿಸಿಕೊಳ್ಳಬೇಕು. ಪಾಲು, ಮಿತಿ, ಮೀಸಲು. ಇಲ್ಲಿ ಭದ್ರಾ ಅಚ್ಚುಕಟ್ಟಿನವರು ಎಷ್ಟು ಜನ ಇದ್ದೀರಿ? ಸಾಕಷ್ಟು ಕೈ ಮೇಲೆ ಹೋಗಿವೆ. ಹಾಗಾದರೆ ನನ್ನ ಕೆಲಸ ಸುಲಭ.

ಪಾಲು ಅಂದರೆ ಶೇರ್ ಅಥವಾ ವೇಟ್. ಇದರಲ್ಲಿ ಎಲ್ಲರೂ ತಪ್ಪು ತಿಳಿಯುವ ಸಂಗತಿ ಒಂದಿದೆ. ಪಾಲಿಗೆ ಬೆಲೆ ಬರುವುದು ಜಗಳ ಬಂದಾಗ ಮಾತ್ರ. ಸಿಪಿಯು ಖಾಲಿ ಇದ್ದರೆ ಪಾಲು ಎಷ್ಟೇ ಕಡಿಮೆ ಇರಲಿ, ಬೇಕಾದಷ್ಟು ಬಳಸಿಕೊಳ್ಳಬಹುದು. ಒಬ್ಬ ಬಿಟ್ಟದ್ದು ಇನ್ನೊಬ್ಬನಿಗೆ ತಾನಾಗಿ ಹರಿಯುತ್ತದೆ. ದುರ್ಗದ ಕೋಟೆಯ ಹೊಂಡಗಳನ್ನು ನೋಡಿದ್ದೀರಲ್ಲ, ಮೇಲಿನದು ತುಂಬಿ ಉಕ್ಕಿದ್ದು ಕೆಳಗಿನದಕ್ಕೆ, ಹಾಗೆ. ಈ ವಿಚಾರ ಹಳೆಯದು. 1994ರಲ್ಲಿ ಎಂಐಟಿಯ ಕಾರ್ಲ್ ವಾಲ್ಡ್‌ಸ್ಪರ್ಗರ್ ಮತ್ತು ವಿಲಿಯಂ ವೈಲ್ ಇದನ್ನು ಲಾಟರಿ ಟಿಕೆಟ್ ರೂಪದಲ್ಲಿ ಹೇಳಿದ್ದರು: ಪ್ರತಿ ಕೆಲಸಕ್ಕೂ ಒಂದಷ್ಟು ಟಿಕೆಟ್ ಕೊಡು, ಪ್ರತಿ ಸರದಿಗೂ ಒಂದು ಟಿಕೆಟ್ ಎತ್ತು, ಜಾಸ್ತಿ ಟಿಕೆಟ್ ಇದ್ದವನಿಗೆ ಜಾಸ್ತಿ ಸಲ ಸಿಗುತ್ತದೆ, ಆದರೆ ಒಂದೇ ಟಿಕೆಟ್ ಇದ್ದವನೂ ಪೂರ್ತಿ ಉಪವಾಸ ಬೀಳುವುದಿಲ್ಲ. ಆ ವಾಲ್ಡ್‌ಸ್ಪರ್ಗರ್ ಆಮೇಲೆ ವಿಎಂ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿಗೆ ಹೋದರು. ಇವತ್ತಿಗೂ ವಿಎಂವೇರ್‌ನಲ್ಲಿ ಲೋ, ನಾರ್ಮಲ್, ಹೈ ಅಂತ ಇರುವುದು 1, 2, 4ರ ಲೆಕ್ಕ.

ಮಿತಿ ಅಂದರೆ ಲಿಮಿಟ್. ಇದು ತೂಬಿಗೆ ಬೀಗ ಹಾಕಿದ ಹಾಗೆ. ನಾಲೆ ತುಂಬಿ ಹರಿದರೂ ನಿನಗೆ ಇಷ್ಟೇ. ಲಿನಕ್ಸ್‌ನಲ್ಲಿ ಇದು ನಡೆಯುವ ರೀತಿ ಭದ್ರಾ ನಾಲೆಯ ಆನ್ ಆಫ್ ಪದ್ಧತಿಯ ಥರ. ಇಷ್ಟು ದಿನ ನೀರು, ಇಷ್ಟು ದಿನ ಬಂದ್, ಅಲ್ವಾ? ಇಲ್ಲಿ ದಿನದ ಬದಲು 100 ಮಿಲಿಸೆಕೆಂಡ್. ಆ ಕಾಲೇಜಿನ ವಿಎಂಗೆ ಒಟ್ಟು ನಾಲ್ಕು ಕೋರ್‌ನಷ್ಟೇ ಸಿಗಲಿ ಅಂತ ಮಿತಿ ಹಾಕಿದೆ. ನಾಲ್ಕು ಕೋರ್, ತಲಾ ನೂರು, ಅಂದರೆ ನೂರು ಮಿಲಿಸೆಕೆಂಡಿನ ಅವಧಿಗೆ 400 ಮಿಲಿಸೆಕೆಂಡಿನಷ್ಟು ಸಿಪಿಯು. ಅವರ ಹನ್ನೆರಡೂ ವರ್ಚುವಲ್ ಸಿಪಿಯು ಒಟ್ಟಿಗೆ ಓಡಿದರೆ 33 ಮಿಲಿಸೆಕೆಂಡಿಗೆ ಆ ಕೋಟಾ ಖಲಾಸ್. ಉಳಿದ 67 ಮಿಲಿಸೆಕೆಂಡು ಇಡೀ ವಿಎಂ ಕಲ್ಲಿನ ಥರ ನಿಂತುಬಿಡುತ್ತದೆ. ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಒಳಗಿದ್ದವರಿಗೆ ಇದು ಯಾವುದೋ ರೋಗದ ಹಾಗೆ ಕಾಣುತ್ತದೆ. ನಾನು ಇದನ್ನು ಎರಡು ವಾರ ಇಟ್ಟು ತೆಗೆದುಹಾಕಿದೆ. ಮಿತಿ ಹಾಕುವ ಬದಲು 12 ವರ್ಚುವಲ್ ಸಿಪಿಯುವನ್ನು 6ಕ್ಕೆ ಇಳಿಸಿದೆ, ಅವರ ವರದಿ ಸಂಜೆಯೊಳಗೆ ಮುಗಿಯುತ್ತಲೇ ಇತ್ತು.

ಮೀಸಲು ಕುಡಿಯುವ ನೀರಿನ ಹಾಗೆ, ಯಾರು ಏನೇ ಕೇಳಲಿ ಅದನ್ನು ಮುಟ್ಟುವ ಹಾಗಿಲ್ಲ. ವಿಎಂವೇರ್‌ನಲ್ಲಿ ಇದಕ್ಕೆ ನೇರ ಜಾಗ ಇದೆ. ನಾವು ಬಳಸುವುದು ಲಿನಕ್ಸ್‌ನಲ್ಲೇ ಇರುವ ಕೆವಿಎಂ, ಅಲ್ಲಿ ಸಿಪಿಯುಗೆ ಅಂಥದ್ದೊಂದು ಬಟನ್ ಇಲ್ಲ, ಈ ವಿಎಂಗೆ ಇವೇ ಕೋರ್ ಅಂತ ಕಟ್ಟಿಹಾಕಬೇಕಾಗುತ್ತದೆ. ನಾನು ಆ ದಾರಿಗೆ ಹೋಗಿಲ್ಲ.

ಈಗ ನನಗೆ ಅತಿ ಹೆಚ್ಚು ತಲೆನೋವು ಕೊಟ್ಟ ವಿಷಯ. ಪಾಲುಗಳನ್ನೆಲ್ಲ ಸರಿ ಮಾಡಿದೆ, ಕಾನ್ಫಿಗ್‌ನಲ್ಲೂ ಬರೆದೆ. ಆದರೂ ವಾರಕ್ಕೊಂದು ದಿನ ಬೆಳಗ್ಗೆ ಮಂಡಿಯ ವಿಎಂ ಕುಂಟುತ್ತಿತ್ತು. ಪಾಲನ್ನು 400 ಮಾಡಿದೆ, 1000 ಮಾಡಿದೆ, 5000 ಮಾಡಿದೆ. ಏನೂ ವ್ಯತ್ಯಾಸ ಇಲ್ಲ. ಮೂರು ವಾರ ಆದ ಮೇಲೆ ಗೊತ್ತಾಯಿತು, ಜಗಳ ವಿಎಂಗಳ ಮಧ್ಯೆ ಇರಲೇ ಇಲ್ಲ. ವಾರದ ಬ್ಯಾಕಪ್ ಹೋಸ್ಟ್ ಮೇಲೇ, ಅಂದರೆ ವಿಎಂಗಳನ್ನು ಹೊತ್ತ ಅಸಲಿ ಸರ್ವರ್ ಮೇಲೇ ಓಡುತ್ತಿತ್ತು. ಹಿಂದಿನ ರಾತ್ರಿ ಶುರುವಾದ ಕಂಪ್ರೆಷನ್ ಬೆಳಗ್ಗೆಯವರೆಗೂ ಎಳೆಯುತ್ತಿತ್ತು, ಹದಿನಾರೂ ಕೋರ್ ಬೇಕು ಅಂತಿತ್ತು.

ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಇರುವ ಲಿನಕ್ಸ್‌ನಲ್ಲಿ ಹಂಚಿಕೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೇಲೆ ಸಿಸ್ಟಮ್ ಸ್ಲೈಸ್ ಅಂತ ಒಂದು, ಅದರಲ್ಲಿ ಹೋಸ್ಟ್‌ನ ಸ್ವಂತ ಸೇವೆಗಳು. ಯೂಸರ್ ಸ್ಲೈಸ್ ಅಂತ ಇನ್ನೊಂದು, ಲಾಗಿನ್ ಆದವರಿಗೆ. ಮೆಷಿನ್ ಸ್ಲೈಸ್ ಅಂತ ಮತ್ತೊಂದು, ಎಲ್ಲ ವಿಎಂಗಳೂ ಅದರೊಳಗೆ. ನಾವು ಏನೂ ಮಾಡದಿದ್ದರೆ ಪ್ರತಿಯೊಂದಕ್ಕೂ ಸಮ ಪಾಲು, ತಲಾ 100. ಅಂದರೆ ನನ್ನ ಹನ್ನೊಂದೂ ವಿಎಂ ಸೇರಿ ಒಂದು ಪಾಲು, ಆ ಒಂದು ಬ್ಯಾಕಪ್ ಒಂದೇ ಒಂದು ಪಾಲು. ಅರ್ಧ ಅರ್ಧ! ಭದ್ರಾದಲ್ಲಿ ಎಡದಂಡೆಗೆ ಎಷ್ಟು, ಬಲದಂಡೆಗೆ ಎಷ್ಟು ಅಂತ ಅಣೆಕಟ್ಟಿನ ಹತ್ತಿರವೇ ತೀರ್ಮಾನ ಆಗುತ್ತದೆ. ಅಲ್ಲಿ ಬಲದಂಡೆಗೇ ಕಡಿಮೆ ಬಿಟ್ಟ ಮೇಲೆ ಮಲೇಬೆನ್ನೂರಿನಲ್ಲಿ ನಿಂತು ತೂಬು ತಿರುಗಿಸಿದರೆ ಏನು ಬಂತು? ನಾನು ಮೂರು ವಾರ ಮಾಡಿದ್ದು ಅದೇ.

ಮೆಷಿನ್ ಸ್ಲೈಸ್‌ನ ವೇಟ್ ಅನ್ನು 800 ಮಾಡಿದೆ, ಬ್ಯಾಕಪ್ ಸೇವೆಯದನ್ನು 20ಕ್ಕೆ ಇಳಿಸಿದೆ. ಅಲ್ಲಿಗೆ ಮುಗಿಯಿತು. ಒಂದು ಎಚ್ಚರಿಕೆ, ಸಿಸ್ಟಮ್ ಸ್ಲೈಸ್ ಅನ್ನು ತೀರಾ ಬಡಕಲು ಮಾಡಬೇಡಿ. ವಿಎಂಗಳನ್ನು ಎಬ್ಬಿಸಿ ಮಲಗಿಸುವ ಲಿಬ್‌ವರ್ಟ್ ಇರುವುದೂ ಅಲ್ಲೇ, ನೀವು ಲಾಗಿನ್ ಆಗುವ ಎಸ್‌ಎಸ್‌ಎಚ್ ಇರುವುದೂ ಅಲ್ಲೇ. ಸರ್ವರ್ ಒದ್ದಾಡುವಾಗ ಒಳಗೆ ಹೋಗಲು ಬಾಗಿಲು ಬೇಕಲ್ಲ.

ಇನ್ನೊಂದು ಗುಂಡಿ ಹೇಳಿಬಿಡುತ್ತೇನೆ, ಹಳೆಯ ಸರ್ವರ್ ಅಪ್‌ಗ್ರೇಡ್ ಮಾಡುವವರು ಇದರಲ್ಲಿ ಬಿದ್ದೇ ಬೀಳುತ್ತೀರಿ. ಲಿನಕ್ಸ್‌ನಲ್ಲಿ ಈ ಹಂಚಿಕೆ ಮಾಡುವುದು ಸಿಗ್ರೂಪ್, ಅದರ ಮೊದಲ ಆವೃತ್ತಿಯಲ್ಲಿ ಮಾಮೂಲಿ ಪಾಲು 1024. ಎರಡನೆಯದರಲ್ಲಿ ಮಾಮೂಲಿ ಪಾಲು 100, ಜಾಸ್ತಿ ಅಂದರೆ 10000. ಹಳೆಯದರಲ್ಲಿ ನೀವು ಒಂದು ವಿಎಂಗೆ 2048 ಬರೆದಿದ್ದಿರಿ, ಉಳಿದವರನ್ನು ಮುಟ್ಟಿರಲಿಲ್ಲ. ಎರಡಕ್ಕೆ ಒಂದರ ಲೆಕ್ಕ. ಅಪ್‌ಗ್ರೇಡ್ ಆಯಿತು, 2048 ಹಾಗೇ ಉಳಿಯಿತು, ಉಳಿದವು 100ಕ್ಕೆ ಬಂದವು. ಈಗ ಅದು ಇಪ್ಪತ್ತಕ್ಕೆ ಒಂದರ ಲೆಕ್ಕ! ಎರ್ರರ್ ಇಲ್ಲ, ಲಾಗ್ ಇಲ್ಲ, ಏನಿಲ್ಲ. ನನ್ನ ಗಿರಾಕಿ ಒಬ್ಬರು "ಅಪ್‌ಗ್ರೇಡ್ ಆದ ಮೇಲೆ ಸ್ಲೋ ಆಯ್ತು" ಅಂದಾಗ ನಾನು "ಹಾಗೆಲ್ಲ ಆಗಲ್ಲ ಸರ್" ಅಂದಿದ್ದೆ. ಆಮೇಲೆ ಹೋಗಿ ಕ್ಷಮೆ ಕೇಳಿ ಕಾಫಿ ಕುಡಿದು ಬಂದೆ.

ಸರಿ, ಆಟೊಮೇಷನ್. ಮೊದಲ ತಪ್ಪು ನಾನು ಮಾಡಿದ್ದು ಹೆಸರಿಡುವುದರಲ್ಲಿ. ಚಿನ್ನ, ಬೆಳ್ಳಿ, ಕಂಚು ಅಂತ ಮೂರು ದರ್ಜೆ ಮಾಡಿದೆ. ಏಳು ಗಿರಾಕಿಗಳಿಗೂ ಕೇಳಿದೆ, ನಿಮ್ಮದು ಯಾವ ದರ್ಜೆ? ಏಳೂ ಜನ ಚಿನ್ನ ಅಂದರು. ಯಾರು ತಾನೇ ಕಂಚು ಅಂತಾರೆ ಹೇಳಿ, ಮದುವೆ ಮನೆಯಲ್ಲಿ ಹಿಂದಿನ ಪಂಕ್ತಿಗೆ ಕೂರಿ ಅಂದ ಹಾಗೆ ಆಗುತ್ತದೆ. ಎಲ್ಲರೂ ಚಿನ್ನ ಅಂದರೆ ಯಾರೂ ಚಿನ್ನ ಅಲ್ಲ, ಪಾಲಿನ ಲೆಕ್ಕ ಮತ್ತೆ ಸಮ.

ಆಮೇಲೆ ಪ್ರಶ್ನೆ ಬದಲಾಯಿಸಿದೆ. "ನಿಮ್ಮ ಕೆಲಸ ಯಾವ ಹೊತ್ತಿನಲ್ಲಿ ಹತ್ತು ನಿಮಿಷ ತಡವಾದರೆ ನಿಮಗೆ ದುಡ್ಡು ಹೋಗುತ್ತದೆ?" ಈಗ ಉತ್ತರ ಬೇರೆ ಬೇರೆ ಬಂತು. ಮಂಡಿಯವರು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದು ಅಂದರು, ಅದೂ ಸೀಸನ್‌ನಲ್ಲಿ. ಒಂದು ಕ್ಲಿನಿಕ್‌ನವರು ಸಂಜೆ ಐದರಿಂದ ಒಂಬತ್ತು ಅಂದರು. ಕಾಲೇಜಿನವರು ಸ್ವಲ್ಪ ಯೋಚಿಸಿ, ಪರೀಕ್ಷೆ ಇರುವ ದಿನ ಬಿಟ್ಟರೆ ಯಾವಾಗ ಆದರೂ ನಡೆಯುತ್ತದೆ ಅಂದರು. ಫೋಟೊ ಸ್ಟುಡಿಯೊದವರ ಆಲ್ಬಮ್ ರೆಂಡರಿಂಗ್‌ಗೆ ರಾತ್ರಿಯೇ ಸಾಕು. ಹಾಗಾಗಿ ದರ್ಜೆಗಳ ಹೆಸರನ್ನೇ ಬದಲಿಸಿದೆ: 'ಈಗಲೇ', 'ಸ್ವಲ್ಪ ತಡೆದು', 'ರಾತ್ರಿಗೆ'. ಪಾಲು 400, 100, 25. ಒಬ್ಬ ಗಿರಾಕಿಗೆ ದಿನಕ್ಕೆ ಐದು ಗಂಟೆ ಮಾತ್ರ 'ಈಗಲೇ' ಸಿಗುತ್ತದೆ, ಯಾವ ಐದು ಅಂತ ಅವರೇ ಆರಿಸಿಕೊಳ್ಳಬೇಕು. ನೀರಾವರಿ ಸಲಹಾ ಸಮಿತಿ ಸಭೆ ಮಾಡಿ ಪಾಳಿ ಹಾಕುತ್ತಾರಲ್ಲ, ನಾವು ಒಂದು ಸಂಜೆ ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು ಕೂತು ಅದನ್ನೇ ಮಾಡಿದೆವು. ಕೋಡ್ ಬರೆಯಲು ಒಂದು ದಿನ ಸಾಕಾಯಿತು, ಈ ಒಪ್ಪಂದಕ್ಕೆ ಒಂದು ತಿಂಗಳು ಬೇಕಾಯಿತು.

ಕೋಡ್ ಕಡೆಗೆ ಬರೋಣ. ದರ್ಜೆ ಯಾವುದು, ಯಾವ ಗಂಟೆಗೆ ಅನ್ನುವುದನ್ನು ಪ್ರತಿ ವಿಎಂನ ವಿವರ ಇರುವ ಎಕ್ಸ್‌ಎಂಎಲ್ ಒಳಗೇ, ನಮ್ಮ ಟಿಪ್ಪಣಿಗೆ ಅಂತ ಇರುವ ಮೆಟಾಡೇಟಾ ಭಾಗದಲ್ಲಿ ಬರೆದಿಟ್ಟೆ. ಬೇರೆ ಫೈಲಿನಲ್ಲಿ ಇಟ್ಟರೆ ವಿಎಂ ಒಂದು ಕಡೆ, ಅದರ ನಿಯಮ ಇನ್ನೊಂದು ಕಡೆ ಆಗಿಬಿಡುತ್ತದೆ. ಲಿಬ್‌ವರ್ಟ್‌ಗೆ ಹುಕ್ಸ್ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ ಕ್ಯೂಎಂಯು ಅನ್ನುವ ಹೆಸರಿನ ಸ್ಕ್ರಿಪ್ಟ್ ಇಟ್ಟರೆ, ವಿಎಂ ಏಳುವಾಗ ಮಲಗುವಾಗ ಅದನ್ನು ಕರೆಯುತ್ತದೆ. ವಿಎಂ ಹೆಸರು, ಏನು ನಡೆಯುತ್ತಿದೆ ಅನ್ನುವುದು, ಜೊತೆಗೆ ಇಡೀ ಎಕ್ಸ್‌ಎಂಎಲ್, ಎಲ್ಲ ಕೈಗೆ ಕೊಡುತ್ತದೆ. ಒಂದೇ ಕಟ್ಟಳೆ: ಆ ಸ್ಕ್ರಿಪ್ಟ್ ಒಳಗಿಂದ ಮತ್ತೆ ವಿರ್ಶ್ ಕರೆಯಬಾರದು. ಲಿಬ್‌ವರ್ಟ್ ನಿಮ್ಮ ಸ್ಕ್ರಿಪ್ಟ್ ಮುಗಿಯಲಿ ಅಂತ ಕಾಯುತ್ತದೆ, ನಿಮ್ಮ ಸ್ಕ್ರಿಪ್ಟ್ ಲಿಬ್‌ವರ್ಟ್ ಉತ್ತರ ಕೊಡಲಿ ಅಂತ ಕಾಯುತ್ತದೆ. ನೀ ಮೊದಲು ನಾ ಮೊದಲು ಅಂತ ಇಬ್ಬರೂ ನಿಂತಲ್ಲೇ. ಡಾಕ್ಯುಮೆಂಟೇಷನ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಅದನ್ನು ಓದಿದ್ದು ಸಿಕ್ಕಿಹಾಕಿಕೊಂಡ ಮೇಲೆ.

ಹಾಗಾಗಿ ನನ್ನ ಹುಕ್ ಮಾಡುವುದು ಇಷ್ಟೇ, "ಈ ವಿಎಂ ಎದ್ದಿದೆ, ಇದರ ನಿಯಮ ಇದು" ಅಂತ ಒಂದು ಫೈಲಿನಲ್ಲಿ ಚೀಟಿ ಬರೆದಿಡುತ್ತದೆ. ನಿಮಿಷಕ್ಕೊಮ್ಮೆ ಓಡುವ ಇನ್ನೊಂದು ಸಣ್ಣ ಪ್ರೋಗ್ರಾಂ ಆ ಚೀಟಿಗಳನ್ನು ನೋಡಿ, ಗಡಿಯಾರ ನೋಡಿ, ಯಾರ ಪಾಲು ಎಷ್ಟಿರಬೇಕು ಅಂತ ಲೆಕ್ಕ ಹಾಕಿ, ಈಗ ಇರುವುದಕ್ಕಿಂತ ಬೇರೆ ಇದ್ದರೆ ಮಾತ್ರ ಬದಲಿಸುತ್ತದೆ. ಬದಲಿಸಿದಾಗೆಲ್ಲ ಒಂದು ಸಾಲು ಲಾಗ್ ಬರೆಯುತ್ತದೆ. ಆ ಲಾಗ್ ಗಿರಾಕಿಗಳಿಗೂ ಕಾಣುತ್ತದೆ. ಅದರಿಂದ ಅರ್ಧ ಫೋನ್ ಕಡಿಮೆಯಾಯಿತು.

ಗಡಿಯಾರ ಒಂದೇ ಸಾಲದು, ಅಲ್ವಾ? ಮಂಡಿಗೆ ರಜೆ ಇದ್ದ ದಿನವೂ ಪಾಲು 400 ಇದ್ದರೆ ನಷ್ಟ ಏನಿಲ್ಲ, ಬಳಸದ್ದು ಬೇರೆಯವರಿಗೆ ಹರಿಯುತ್ತದೆ. ಆದರೆ ಉಲ್ಟಾ, ಪಟ್ಟಿಯಲ್ಲಿ ಇಲ್ಲದ ಹೊತ್ತಿನಲ್ಲಿ ಬಿಸಿ ಏರಿದರೆ? ಅದಕ್ಕೆ ಒತ್ತಡದ ಅಳತೆ ಬೇಕು. ಲಿನಕ್ಸ್ 4.20ರಲ್ಲಿ, ಅಂದರೆ 2018ರ ಕೊನೆಗೆ, ಪಿಎಸ್‌ಐ (ಪ್ರೆಷರ್ ಸ್ಟಾಲ್ ಇನ್ಫರ್ಮೇಷನ್) ಅಂತ ಒಂದು ಅಳತೆ ಬಂತು. ಎಷ್ಟು ಸಿಪಿಯು ಬಳಸಿದೆ ಅಂತ ಅದು ಹೇಳುವುದಿಲ್ಲ, ಎಷ್ಟು ಹೊತ್ತು ಕಾದಿದ್ದೀಯ ಅಂತ ಹೇಳುತ್ತದೆ. ಬೇಕಾಗಿರುವುದೂ ಅದೇ. 90 ಪರ್ಸೆಂಟ್ ಬಳಕೆ ಅಂದರೆ ಚೆನ್ನಾಗಿ ದುಡಿಯುತ್ತಿದೆ ಅಂತಲೂ ಇರಬಹುದು. ಹತ್ತು ಸೆಕೆಂಡ್, ಒಂದು ನಿಮಿಷ, ಐದು ನಿಮಿಷದ ಸರಾಸರಿ ಮೂರೂ ಸಿಗುತ್ತವೆ, ಹೊಸ ಸಿಗ್ರೂಪ್‌ನಲ್ಲಿ ಪ್ರತಿ ವಿಎಂಗೂ ಬೇರೆ ಬೇರೆ ಸಿಗುತ್ತವೆ. ಕೆಲವು ಡಿಸ್ಟ್ರೊಗಳಲ್ಲಿ ಇದು ಆಫ್ ಇರುತ್ತದೆ, ಬೂಟ್ ಆಗುವಾಗ ಆನ್ ಮಾಡಬೇಕು.

ನನ್ನ ಮೊದಲ ನಿಯಮ: 'ಈಗಲೇ' ದರ್ಜೆಯ ವಿಎಂ ಒಂದು ನಿಮಿಷದ ಸರಾಸರಿಯಲ್ಲಿ ನೂರಕ್ಕೆ 10ಕ್ಕಿಂತ ಜಾಸ್ತಿ ಹೊತ್ತು ಕಾದರೆ 'ರಾತ್ರಿಗೆ' ದರ್ಜೆಯವರ ಪಾಲು ಅರ್ಧ ಮಾಡು, 10ರ ಕೆಳಗೆ ಬಂದರೆ ವಾಪಸ್ ಕೊಡು. ಏನಾಯಿತು ಗೊತ್ತಾ? ಮನೆಯ ಸ್ಟೆಬಿಲೈಜರ್ ಸಂಜೆ ವೋಲ್ಟೇಜ್ ಏರಿಳಿಯುವಾಗ ಟಕ್ ಟಕ್ ಅಂತ ಬಡಿದುಕೊಳ್ಳುತ್ತದಲ್ಲ, ಹಾಗೇ. ಕಿತ್ತುಕೊಂಡ ಕೂಡಲೇ ಒತ್ತಡ ಇಳಿಯಿತು, ಇಳಿದ ಕೂಡಲೇ ವಾಪಸ್ ಕೊಟ್ಟಿತು, ಕೊಟ್ಟ ಕೂಡಲೇ ಮತ್ತೆ ಏರಿತು. ರಾತ್ರಿಯಿಡೀ ಲಾಗ್ ತುಂಬ ಅದೇ. ಈಗ ಕಿತ್ತುಕೊಳ್ಳುವುದು ಬೇಗ, ಕೊಡುವುದು ನಿಧಾನ. 10 ದಾಟಿದರೆ ಇಳಿಸು, ಆದರೆ ಹದಿನೈದು ನಿಮಿಷ ಸತತವಾಗಿ 2ಕ್ಕಿಂತ ಕೆಳಗಿದ್ದರೆ ಮಾತ್ರ ಏರಿಸು. ಮತ್ತೆ, ಎಷ್ಟೇ ಒತ್ತಡ ಬರಲಿ, ಯಾರ ಪಾಲೂ 10ಕ್ಕಿಂತ ಕೆಳಗೆ ಹೋಗುವುದಿಲ್ಲ. ಕೊನೆಭಾಗದ ಹೊಲಕ್ಕೂ ಒಂದು ಹನಿ ಮುಟ್ಟಲೇಬೇಕು.

ಇಲ್ಲೊಂದು ಪೆಟ್ಟು ತಿಂದಿದ್ದೇನೆ. ನಮ್ಮಲ್ಲಿ ಒಂದು ಪುಟ್ಟ ವಿಎಂ ಇದೆ, ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ಕೆಲಸ ನೋಡಿಕೊಳ್ಳುತ್ತದೆ. ಒಂದೇ ವರ್ಚುವಲ್ ಸಿಪಿಯು, ಗಿರಾಕಿ ಯಾರೂ ಇಲ್ಲ, ನಮ್ಮದೇ. ಸುಮ್ನೆ 'ರಾತ್ರಿಗೆ' ದರ್ಜೆಗೆ ಹಾಕಿದ್ದೆ. ಒತ್ತಡ ಬಂದಾಗ ಪ್ರೋಗ್ರಾಂ ನಿಷ್ಠೆಯಿಂದ ಅದರ ಪಾಲು ಇಳಿಸಿತು. ಅದು ನಿಧಾನ ಆಯಿತು, ಅದನ್ನು ಕೇಳುವ ಎಲ್ಲರೂ ನಿಧಾನ ಆದರು, 'ಈಗಲೇ' ದರ್ಜೆಯವರೂ. ನೀರುಗಂಟಿಗೇ ಗೇಟಿನ ಬೀಗದ ಕೈ ಕೊಡದೆ ಕೂರಿಸಿದ ಹಾಗೆ. ಯಾರು ಯಾರನ್ನು ನಂಬಿಕೊಂಡಿದ್ದಾರೆ ಅಂತ ಪ್ರೋಗ್ರಾಂಗೆ ತಾನಾಗಿ ತಿಳಿಯುವುದಿಲ್ಲ. ನೀವು ಬರೆದು ಕೊಡಬೇಕು.

ಡಿಸ್ಕ್ ಬಗ್ಗೆ ಒಂದೇ ಮಾತು. ಡಿಸ್ಕ್‌ಗೂ ವೇಟ್ ಹಾಕಬಹುದು, ಕಮಾಂಡ್ ಖುಷಿಯಾಗಿ ಒಪ್ಪಿಕೊಳ್ಳುತ್ತದೆ. ಆದರೆ ಕೆಳಗೆ ಡಿಸ್ಕ್‌ನ ಸರದಿ ಹಂಚುವ ಬಿಎಫ್‌ಕ್ಯೂ ಶೆಡ್ಯೂಲರ್ ಅಥವಾ ಐಒ ಕಾಸ್ಟ್ ಆನ್ ಇಲ್ಲದಿದ್ದರೆ ಅದು ಬರೀ ಅಂಕಿ, ವೇಗದ ಎನ್‌ವಿಎಂಇ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಶೆಡ್ಯೂಲರ್ 'ನನ್', ಅಂದರೆ ಯಾವುದೂ ಇಲ್ಲ ಅಂತಲೇ ಇರುತ್ತದೆ. ನಾನು ಡಿಸ್ಕ್‌ಗೆ ಮಾತ್ರ ಪಾಲು ಬಿಟ್ಟು ಮಿತಿ ಹಾಕಿದ್ದೇನೆ, ಸೆಕೆಂಡಿಗೆ ಇಷ್ಟು ಓದು ಬರಹ ಅಂತ. ಮೆಮೊರಿಯ ಕಥೆ ಬೇರೆಯೇ. ಸಿಪಿಯು ಕ್ಷಣಕ್ಷಣಕ್ಕೂ ಹೊಸದಾಗಿ ಬರುತ್ತದೆ, ಮೆಮೊರಿ ಒಮ್ಮೆ ಕೊಟ್ಟರೆ ವಾಪಸ್ ಬಿಡಿಸಿಕೊಳ್ಳುವುದು ಕಷ್ಟ, ಕೊಟ್ಟ ಸಾಲದ ಹಾಗೆ. ಅದು ಮುಗಿದರೆ ಹೋಸ್ಟ್‌ನ ಓಒಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಎಲ್ಲಕ್ಕಿಂತ ದಪ್ಪ ಇರುವವನನ್ನು ಹುಡುಕಿ ಕೊಲ್ಲುತ್ತದೆ, ಆ ದಪ್ಪದವನು ಬಹುಪಾಲು ನಿಮ್ಮ ಡೇಟಾಬೇಸ್ ವಿಎಂ ಆಗಿರುತ್ತಾನೆ. ಹಾಗಾಗಿ ಸಿಪಿಯು 44 ಹಂಚಿದ ನಾನು ಮೆಮೊರಿಯನ್ನು 112 ಜಿಬಿಗಿಂತ ಜಾಸ್ತಿ ಹಂಚಿಲ್ಲ.

ಒಬ್ಬರು ಚೀಟಿಯಲ್ಲಿ ಪ್ರಶ್ನೆ ಕಳಿಸಿದ್ದಾರೆ: ಇದನ್ನೆಲ್ಲ ಎಐಗೆ ಬಿಡಬಹುದಲ್ಲ, ಅದೇ ಕಲಿತುಕೊಂಡು ಪಾಲು ಹಾಕಲಿ? ಕಲಿಯಬಹುದು. ಯಾವ ವಿಎಂ ಯಾವಾಗ ಬಿಸಿಯಾಗುತ್ತದೆ ಅಂತ ಅದು ನನಗಿಂತ ಚೆನ್ನಾಗಿ ಹೇಳಬಹುದು. ಆದರೆ ನನ್ನ ಸರ್ವರ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಿಸಿಯಾಗುವುದು ಮದುವೆ ಆಲ್ಬಮ್ ರೆಂಡರಿಂಗ್, ರಸ್ತೆಯಲ್ಲಿ ಲಾರಿ ನಿಂತಿರುವುದು ಸಿಪಿಯು ಗ್ರಾಫ್‌ನಲ್ಲಿ ಕಾಣುವುದಿಲ್ಲ. ಆ ಮಂಡಕ್ಕಿ ಸಭೆಯನ್ನು ಯಾರಾದರೂ ಮಾಡಲೇಬೇಕು. ಅದು ಮುಗಿದ ಮೇಲೆ ನಿಮಿಷಕ್ಕೊಮ್ಮೆ ಎದ್ದು ತೂಬು ತಿರುಗಿಸುವ ಕೆಲಸ ಮನುಷ್ಯನಿಗೆ ಬೇಡ.

ಇನ್ನೂ ಒಂದು ತೂತು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಫಲಿತಾಂಶದ ದಿನ. ಕಾಲೇಜಿನವರಿಗೆ ಅದು ಯಾವತ್ತು ಅಂತ ಅವರಿಗೇ ಹಿಂದಿನ ರಾತ್ರಿವರೆಗೆ ಗೊತ್ತಿರುವುದಿಲ್ಲ. ಅದಕ್ಕಾಗಿ ಕೈಯಿಂದ ಪಾಲು ಏರಿಸುವ ಒಂದು ಕಮಾಂಡ್ ಇಟ್ಟಿದ್ದೇನೆ. ಅದಕ್ಕೆ ಗಂಟೆ ಹೇಳದಿದ್ದರೆ ಅದು ಓಡುವುದೇ ಇಲ್ಲ, ಎಷ್ಟು ಹೊತ್ತಿಗೆ ಅಂತ ಬರೆಯಲೇಬೇಕು, ಜಾಸ್ತಿ ಅಂದರೆ ಆರು ಗಂಟೆ, ಆಮೇಲೆ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಮೊದಲು ಈ ಗಡುವು ಇರಲಿಲ್ಲ. ಒಂದು ಸಲ ಏರಿಸಿ ಮರೆತಿದ್ದೆ, ನಲವತ್ತು ದಿನ ಹಾಗೇ ಇತ್ತು, ಕಾಲೇಜಿನವರು ಮಾತ್ರ ಒಂದು ದಿನವೂ ಫೋನ್ ಮಾಡಿ ದೂರು ಹೇಳಲಿಲ್ಲ.